ಮಾತ್ರೆ ತಗೊಂಡೆನೋ ಇಲ್ಲವೋ: ಕೈಗೆ ಉತ್ತರ ಕೊಡುವ ಸಾಧನ

ಪ್ರಶ್ನೆ: ಹತ್ತು ವರ್ಷಗಳಿಂದ ಮೊಬೈಲ್ ಆ್ಯಪ್‌ಗಳ ವಿನ್ಯಾಸ ಮಾಡುತ್ತಿದ್ದೇನೆ. ಅಮ್ಮನಿಗೆ 78 ವರ್ಷ, ಕಣ್ಣು ಮಂಜಾಗಿದೆ. ಮಾತ್ರೆ ನೆನಪಿಸಲೆಂದು ನಾನೇ ಒಂದು ಪುಟ್ಟ ಸಾಧನ ಮಾಡಿದೆ. ದೊಡ್ಡ ಅಕ್ಷರದ ಟಚ್‌ಸ್ಕ್ರೀನ್, ಹೊತ್ತಿಗೆ ಸರಿಯಾಗಿ ಬೀಪ್ ಸದ್ದು, ಜೊತೆಗೆ ವೈಬ್ರೇಷನ್. ಸದ್ದು ಬಂದ ಕೂಡಲೇ ಅಮ್ಮ 'ಸರಿ' ಒತ್ತಿ ಆರಿಸುತ್ತಾರೆ. ಹತ್ತು ನಿಮಿಷ ಬಿಟ್ಟು, 'ನಾನು ಮಾತ್ರೆ ತಗೊಂಡೆನಾ?' ಎಂದು ನನ್ನನ್ನೇ ಕೇಳುತ್ತಾರೆ. ಕಣ್ಣನ್ನು ನಂಬದೆ ಕೈಗೆ, ಕಿವಿಗೆ ತಿಳಿಯುವಂಥದ್ದನ್ನು ಮಾಡಬೇಕೆಂದಿದ್ದೇನೆ. ವೈಬ್ರೇಷನ್ ಇನ್ನೂ ಜೋರು ಮಾಡುವುದರ ಆಚೆ ಏನೂ ಹೊಳೆಯುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರದ ತಿರುಳೆಲ್ಲ ಅಮ್ಮನ ಆ ಒಂದು ಮಾತಿನಲ್ಲಿದೆ. 'ತಗೊಂಡೆನಾ?' ಎಂದು ಅವರು ಕೇಳುತ್ತಿದ್ದಾರೆ. ನಿಮ್ಮ ಸಾಧನ ಹೇಳುತ್ತಿರುವುದು 'ಈಗ ತಗೋ' ಎಂದು. ಇವೆರಡೂ ಬೇರೆ ಬೇರೆ ಸಂಗತಿಗಳು.

ಬೀಪ್ ಒಂದು ಘಟನೆ. ಬಂತು, ಹೋಯಿತು. ವೈಬ್ರೇಷನ್ನೂ ಅಷ್ಟೇ. ಅಮ್ಮನಿಗೆ ಬೇಕಾದದ್ದು ಸ್ಥಿತಿ: ಈ ಹೊತ್ತಿನಲ್ಲಿ ಕೆಲಸ ಆಗಿದೆಯೋ, ಬಾಕಿ ಇದೆಯೋ. ಅದು ಸಾಧನದ ಮೆಮೊರಿಯಲ್ಲಿ ಇದೆ, ಸ್ಕ್ರೀನಿನ ಒಂದು ಮೂಲೆಯಲ್ಲೂ ಇರಬಹುದು. ಆದರೆ ಅಮ್ಮನ ಕೈಗೆ ಸಿಗುವ ಜಾಗದಲ್ಲಿ ಇಲ್ಲ. ಇನ್ನೂ ಒಂದು ತೊಡಕಿದೆ. ಅವರು 'ಸರಿ' ಒತ್ತಿದ್ದು ಸದ್ದು ನಿಲ್ಲಿಸುವುದಕ್ಕೆ, ನೀವು ಅದನ್ನು ಮಾತ್ರೆ ನುಂಗಿದ್ದಕ್ಕೆ ಸಾಕ್ಷಿ ಎಂದು ಬರೆದಿಟ್ಟುಕೊಂಡಿರಿ. ಹಾಗಾಗಿ ಆ ಮೆಮೊರಿಯಲ್ಲಿ ಇರುವುದನ್ನೂ ಪೂರ್ತಿ ನಂಬುವಂತಿಲ್ಲ.

ಸ್ಪರ್ಶದ ವಿನ್ಯಾಸ ಎಂದಾಕ್ಷಣ ಹೆಚ್ಚಿನವರು ನಡುಗುವ ಮೋಟರಿನಿಂದ ಶುರು ಮಾಡುತ್ತಾರೆ. ನಾನು ಶುರು ಮಾಡುವುದು ಒಂದು ಪ್ರಶ್ನೆಯಿಂದ: ಯಂತ್ರಕ್ಕೆ ಗೊತ್ತಿರುವ ಯಾವ ಸಂಗತಿ ವಸ್ತುವಿನ ಮೈಮೇಲೇ ಇರಬೇಕು? ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಒಂದನ್ನಷ್ಟೇ ಉಳಿಸಿಕೋ ಎಂದರೆ ಇದನ್ನೇ ಉಳಿಸಿಕೊಳ್ಳುತ್ತೇನೆ.

ಇದಕ್ಕೆ ನಾನು ಇಂದಿಗೂ ಮೊದಲು ತೋರಿಸುವ ಉದಾಹರಣೆ 1992ರದು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಡರೆಲ್ ಬಿಷಪ್ ಎಂಬ ವಿನ್ಯಾಸಕಾರ ದೂರವಾಣಿಯ ಸಂದೇಶಯಂತ್ರವೊಂದನ್ನು ಕಲ್ಪಿಸಿದರು. ಯಾರಾದರೂ ಕರೆ ಮಾಡಿ ಮಾತು ಬಿಟ್ಟರೆ ಯಂತ್ರದಿಂದ ಒಂದು ಗೋಲಿ ಉರುಳಿ ಹೊರಗೆ ಬರುತ್ತದೆ. ಎಷ್ಟು ಸಂದೇಶವೋ ಅಷ್ಟು ಗೋಲಿ. ಗೋಲಿಯನ್ನು ಒಂದು ಗುಳಿಯಲ್ಲಿಟ್ಟರೆ ಸಂದೇಶ ಕೇಳಿಸುತ್ತದೆ, ಇನ್ನೊಂದು ಗುಳಿಯಲ್ಲಿಟ್ಟರೆ ಕರೆ ಮಾಡಿದವರಿಗೇ ವಾಪಸ್ ಕರೆ ಹೋಗುತ್ತದೆ. ಕೋಣೆಯ ಬಾಗಿಲಿನಿಂದಲೇ ಎರಡು ಗೋಲಿ ಕಂಡರೆ ಎರಡು ಸಂದೇಶ ಬಂದಿದೆ ಎಂದು ಗೊತ್ತು. ಕತ್ತಲಲ್ಲಿ ಕೈಯಾಡಿಸಿದರೂ ಗೊತ್ತು. ಮನೆಯ ಇನ್ನೊಬ್ಬರಿಗೆ ಬಂದ ಸಂದೇಶವನ್ನು ಅವರ ಮೇಜಿನ ಮೇಲೆ ಇಟ್ಟು ಬರಬಹುದು. ಮೆನು ಇಲ್ಲ, ಕಲಿಯಬೇಕಾದ ಸಂಕೇತವಿಲ್ಲ. ಸಂದೇಶ ಇದೆ ಎಂಬ ಸ್ಥಿತಿ ಗೋಲಿಯಾಗಿ ಕೈಗೆ ಬಂದಿದೆ. 1997ರಲ್ಲಿ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನ ಹಿರೋಶಿ ಇಶಿಯಿ ಮತ್ತು ಬ್ರಿಗ್ ಉಲ್ಮರ್ 'ಮುಟ್ಟಬಹುದಾದ ಬಿಟ್‌ಗಳು' ಎಂಬ ವಿಚಾರ, ಅಂದರೆ ಕಂಪ್ಯೂಟರಿನೊಳಗಿನ ಮಾಹಿತಿಗೆ ಕೈಗೆ ಸಿಗುವ ರೂಪ ಕೊಡುವುದನ್ನು, ಮಂಡಿಸಿದಾಗ ಈ ಗೋಲಿಗಳನ್ನು ನೆನೆದಿದ್ದರು. ಇಶಿಯಿ ಅವರು ಅಬ್ಯಾಕಸ್ ಬಗ್ಗೆಯೂ ಮತ್ತೆ ಮತ್ತೆ ಹೇಳುತ್ತಾರೆ. ಅಲ್ಲಿ ಮಣಿಯೇ ಅಂಕಿ. ಲೆಕ್ಕ ಮಾಡುವ ಜಾಗ ಒಂದು ಕಡೆ, ಉತ್ತರ ತೋರಿಸುವ ಜಾಗ ಇನ್ನೊಂದು ಕಡೆ ಎಂಬುದೇ ಇಲ್ಲ.

ಸ್ಥಿತಿ ಕೈಗೆ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ದಾರುಣ ಘಟನೆ ಇದೆ. 2017ರ ಆಗಸ್ಟ್ 21ರಂದು ಸಿಂಗಪುರದ ಬಳಿ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ಒಂದು ತೈಲ ಹಡಗಿಗೆ ಡಿಕ್ಕಿ ಹೊಡೆದು 10 ನಾವಿಕರು ಸತ್ತರು. ಹಡಗಿನ ಚುಕ್ಕಾಣಿ ಮತ್ತು ವೇಗದ ನಿಯಂತ್ರಣ ಟಚ್‌ಸ್ಕ್ರೀನಿನಲ್ಲಿತ್ತು. ಎರಡು ಕಡೆಯ ಪ್ರೊಪೆಲರ್‌ಗಳ ವೇಗ ಒಟ್ಟಿಗೆ ಬದಲಾಗಬೇಕಿತ್ತು. ಆದರೆ ನಿಯಂತ್ರಣವನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವಾಗ ಆ ಜೋಡಣೆ ತಪ್ಪಿಹೋಗಿತ್ತು. ವೇಗ ತಗ್ಗಿಸಿದಾಗ ಒಂದೇ ಬದಿ ತಗ್ಗಿ, ಹಡಗು ಆ ಕಡೆಗೆ ಹೊರಳಿತು. ಸ್ವಲ್ಪ ಹೊತ್ತು ಯಾರಿಗೂ ಏಕೆಂದು ತಿಳಿಯಲಿಲ್ಲ. ತರಬೇತಿಯ ಕೊರತೆಯೂ ಸೇರಿ ಹಲವು ಕಾರಣಗಳಿದ್ದವು. ಆದರೂ ಎರಡು ಲೋಹದ ಹಿಡಿಕೆಗಳು ಅಕ್ಕಪಕ್ಕ ಇದ್ದಿದ್ದರೆ, ಒಂದು ಹಿಂದೆ ಇನ್ನೊಂದು ಮುಂದೆ ಇರುವುದು ಅಂಗೈಗೇ ತಿಳಿಯುತ್ತಿತ್ತು. ಹಿಡಿಕೆಗಳು ಕೈಗೆ ತಕ್ಷಣ ಉತ್ತರ ಕೊಡುತ್ತವೆ ಎಂಬ ಮಾತು ತನಿಖಾ ವರದಿಯಲ್ಲೂ ಬಂತು. 2019ರಲ್ಲಿ ಆ ನೌಕಾಪಡೆ ಇಂಥ ಹಡಗುಗಳಲ್ಲಿ ಮತ್ತೆ ಹಿಡಿಕೆಗಳನ್ನು ಅಳವಡಿಸುವುದಾಗಿ ಪ್ರಕಟಿಸಿತು.

ಕಾರುಗಳಲ್ಲೂ ಇದೇ ಪಾಠ ನಿಧಾನವಾಗಿ ತಲುಪುತ್ತಿದೆ. 2022ರಲ್ಲಿ ಸ್ವೀಡನ್ನಿನ 'ವಿ ಬಿಲೇಗರೆ' ಎಂಬ ಕಾರು ಪತ್ರಿಕೆ ಒಂದು ಪರೀಕ್ಷೆ ಮಾಡಿತು. ಗಂಟೆಗೆ 110 ಕಿ.ಮೀ. ವೇಗದಲ್ಲಿ ಹೋಗುತ್ತಾ ರೇಡಿಯೊ, ಸೀಟಿನ ಬಿಸಿ ಇಂಥ ನಾಲ್ಕು ಕೆಲಸ ಮುಗಿಸಬೇಕು. 2005ರ ವೋಲ್ವೋ ವಿ70, ಬರೀ ಬಟನ್ನು ಮತ್ತು ನಾಬುಗಳ ಹಳೆಯ ಕಾರು, 10 ಸೆಕೆಂಡಿನಲ್ಲಿ ಮುಗಿಸಿತು. ಸ್ಕ್ರೀನ್ ತುಂಬಿದ ಹೊಸ ಕಾರುಗಳಲ್ಲಿ ಅತಿ ನಿಧಾನದ್ದಕ್ಕೆ ಸುಮಾರು 45 ಸೆಕೆಂಡು ಬೇಕಾಯಿತು. ಅಷ್ಟರಲ್ಲಿ ಕಾರು 1,372 ಮೀಟರ್ ಓಡಿರುತ್ತದೆ.

ಇನ್ನು ಕೈಯ ವಿಚಾರಕ್ಕೆ ಬರೋಣ. ನಮ್ಮ ಒಂದು ಅಂಗೈ ಮತ್ತು ಬೆರಳುಗಳ ಒಳಮೈಯಲ್ಲಿ ಸುಮಾರು 17,000 ಸ್ಪರ್ಶನರತಂತುಗಳಿವೆ ಎಂದು ಸ್ವೀಡನ್ನಿನ ವಿಜ್ಞಾನಿಗಳಾದ ಯೋಹಾನ್ಸನ್ ಮತ್ತು ವಾಲ್ಬೊ 1979ರಲ್ಲಿ ಅಂದಾಜು ಮಾಡಿದರು. ಅವು ನಾಲ್ಕು ಬಗೆ. ಕೆಲವು ಅಂಚು, ಉಬ್ಬುಗಳನ್ನು ಹಿಡಿಯುತ್ತವೆ. ಕೆಲವು ಜಾರುವಿಕೆಯನ್ನು, ಕೆಲವು ಚರ್ಮ ಹಿಗ್ಗುವುದನ್ನು. ನಾಲ್ಕನೆಯ ಬಗೆ, ಪ್ಯಾಸಿನಿಯನ್ ಎಂಬವು, ಚರ್ಮದ ಆಳದಲ್ಲಿದ್ದು ಸೆಕೆಂಡಿಗೆ 200ರಿಂದ 300 ಬಾರಿಯ ಕಂಪನಕ್ಕೆ ಅತಿ ಚುರುಕಾಗಿ ಸ್ಪಂದಿಸುತ್ತವೆ. ಫೋನಿನ ವೈಬ್ರೇಷನ್ ತಟ್ಟುವುದು ಮುಖ್ಯವಾಗಿ ಈ ನಾಲ್ಕನೆಯದನ್ನು. ಅಂದರೆ ಇಡೀ ವಾದ್ಯದಲ್ಲಿ ಒಂದೇ ತಂತಿಯನ್ನು ಮೀಟುತ್ತಿದ್ದೇವೆ. ವಯಸ್ಸಾದಂತೆ ಮೊದಲು ಮಂದವಾಗುವುದರಲ್ಲಿ ಈ ವೇಗದ ಕಂಪನದ ಅರಿವೂ ಒಂದು. ಹಾಗಾಗಿ ನಿಮ್ಮ ಅಮ್ಮನ ಮಟ್ಟಿಗೆ ವೈಬ್ರೇಷನ್ ಜೋರು ಮಾಡುವುದು ಸೋತ ದಾರಿ. ಅದರ ಮೇಲೆ ಬ್ಯಾಟರಿ ಸುರಿಯಬೇಡಿ.

ಕೈ ಸುಮ್ಮನಿದ್ದು ತಿಳಿಯುವ ಅಂಗವಲ್ಲ, ಚಲಿಸಿ ತಿಳಿಯುತ್ತದೆ. ಮನಶ್ಶಾಸ್ತ್ರಜ್ಞೆಯರಾದ ಸೂಸನ್ ಲೆಡರ್ಮನ್ ಮತ್ತು ರೋಬರ್ಟಾ ಕ್ಲಾಟ್ಸ್‌ಕಿ 1987ರಲ್ಲಿ ಇದನ್ನು ಸೊಗಸಾಗಿ ಬಿಡಿಸಿ ತೋರಿಸಿದರು. ಮೇಲ್ಮೈ ಹೇಗಿದೆ ಎಂದು ತಿಳಿಯಲು ಬೆರಳನ್ನು ಆಚೀಚೆ ಉಜ್ಜುತ್ತೇವೆ. ಗಡಸೋ ಮೆದುವೋ ಎಂದು ಅದುಮುತ್ತೇವೆ. ತೂಕಕ್ಕೆ ಎತ್ತಿ ಹಿಡಿಯುತ್ತೇವೆ, ಬಿಸಿಯೋ ತಣ್ಣಗೋ ಎಂದು ಸುಮ್ಮನೆ ಮುಟ್ಟಿ ನಿಲ್ಲುತ್ತೇವೆ, ಒಟ್ಟು ಆಕಾರಕ್ಕೆ ಮುಷ್ಟಿಯಲ್ಲಿ ಹಿಡಿಯುತ್ತೇವೆ, ವಿವರಕ್ಕೆ ಅಂಚಿನ ಗುಂಟ ಬೆರಳಾಡಿಸುತ್ತೇವೆ. ಅದಕ್ಕೆ ಎರಡು ವರ್ಷ ಮೊದಲು ಅವರು ಕಣ್ಣು ಕಟ್ಟಿದವರ ಕೈಗೆ ದಿನಬಳಕೆಯ 100 ವಸ್ತುಗಳನ್ನು ಒಂದೊಂದಾಗಿ ಕೊಟ್ಟಿದ್ದರು. ಹೆಚ್ಚುಕಡಿಮೆ ಎಲ್ಲವನ್ನೂ, ಬಹುಪಾಲು ಐದು ಸೆಕೆಂಡಿನೊಳಗೆ, ಜನ ಗುರುತಿಸಿಬಿಟ್ಟರು. ಈಗ ಟಚ್‌ಸ್ಕ್ರೀನನ್ನು ಈ ಪಟ್ಟಿಯ ಮುಂದೆ ಇಟ್ಟು ನೋಡಿ. ಉಜ್ಜಿದರೆ ಗಾಜು. ಅದುಮಿದರೆ ಗಾಜು. ಅಂಚಿನ ಗುಂಟ ಹೋದರೆ ಚೌಕಟ್ಟು ಮಾತ್ರ. ತಡಕಾಡಲು ಬೆರಳಿಟ್ಟರೆ ಅದನ್ನೇ ಆಜ್ಞೆ ಎಂದು ತಿಳಿದು ಏನನ್ನೋ ಮಾಡಿಬಿಡುತ್ತದೆ. ಕಣ್ಣು ಮಂಜಾದವರಿಗೆ ಈ ಕೊನೆಯದೇ ದೊಡ್ಡ ಹಿಂಸೆ. ತಡಕಾಡುವುದಕ್ಕೂ ಒತ್ತುವುದಕ್ಕೂ ನಡುವೆ ಒಂದು ಮೆಟ್ಟಿಲು ಇರಲೇಬೇಕು. ಮುಟ್ಟಿದರೆ ತಿಳಿಯಲಿ, ಬಲ ಹಾಕಿದರೆ ಮಾತ್ರ ಆಗಲಿ.

ಹಾಗಾದರೆ ಅಮ್ಮನಿಗೆ ಏನು ಮಾಡಬಹುದು? ನಾನು ಮಾಡಿದ್ದರೆ ಹೀಗೆ ಮಾಡುತ್ತಿದ್ದೆ.

ಜಾರದಷ್ಟು ಭಾರವಾದ ಒಂದು ಮರದ ಅಡಿಪಟ್ಟಿ. ಅದರಲ್ಲಿ ಸಾಲಾಗಿ ಮೂರು ಗುಳಿ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಪ್ರತಿ ಗುಳಿಯಲ್ಲೂ ಒಂದು ಪುಟ್ಟ ಬಟ್ಟಲು, ಅದರಲ್ಲಿ ಆ ಹೊತ್ತಿನ ಮಾತ್ರೆ. ಅಮ್ಮ ಬಟ್ಟಲನ್ನು ಎತ್ತಿ ಮಾತ್ರೆಯನ್ನು ಅಂಗೈಗೆ ಸುರಿದುಕೊಂಡು, ಖಾಲಿ ಬಟ್ಟಲನ್ನು ಗುಳಿಯಲ್ಲಿ ಬೋರಲಾಗಿ ಇಡುತ್ತಾರೆ. ಇಷ್ಟೇ. ಬಾಯಿ ಮೇಲಿದ್ದರೆ ಬಾಕಿ ಇದೆ, ಬೋರಲಾಗಿದ್ದರೆ ಆಗಿದೆ. ನಡುರಾತ್ರಿ ಎಚ್ಚರವಾಗಿ ಅನುಮಾನ ಬಂದರೆ ದೀಪ ಹಾಕಬೇಕಿಲ್ಲ, ಕನ್ನಡಕ ಹುಡುಕಬೇಕಿಲ್ಲ. ಒಮ್ಮೆ ಕೈಯಾಡಿಸಿದರೆ ಮೂರು ಬಟ್ಟಲೂ ಉತ್ತರ ಹೇಳುತ್ತವೆ. ಕರೆಂಟು ಹೋದರೂ ಹೇಳುತ್ತವೆ. ಎಲೆಕ್ಟ್ರಾನಿಕ್ಸ್ ಪೂರ್ತಿ ಕೆಟ್ಟ ದಿನವೂ ಇದು ಅರ್ಧ ಕೆಲಸ ಮಾಡುತ್ತಿರುತ್ತದೆ ಎಂಬುದು ನನಗೆ ಬಹಳ ಮುಖ್ಯ.

ಇಲ್ಲಿ 'ಸರಿ' ಬಟನ್ ಇಲ್ಲ ಎಂಬುದನ್ನು ಗಮನಿಸಿ. ಮಾತ್ರೆ ತೆಗೆಯುವ ಕೈಚಲನೆಯೇ ಸಾಧನಕ್ಕೆ ಸಿಗುವ ಸುದ್ದಿ. ಬಟ್ಟಲು ಎತ್ತಿದಾಗ ಸದ್ದು ನಿಲ್ಲುತ್ತದೆ, ಬೋರಲು ಇಟ್ಟಾಗ 'ಆಗಿದೆ' ಎಂದು ದಾಖಲಾಗುತ್ತದೆ. ಬಟ್ಟಲು ಗುಳಿಯಲ್ಲೇ ಇಲ್ಲದಿದ್ದರೆ 'ಗೊತ್ತಿಲ್ಲ' ಎಂದು ದಾಖಲಾಗಬೇಕು. ಈ ಮೂರನೆಯದನ್ನು ವಿನ್ಯಾಸಕಾರರು ಸಾಮಾನ್ಯವಾಗಿ ಮರೆಯುತ್ತಾರೆ. ಗೊತ್ತಿಲ್ಲದಾಗ ಗೊತ್ತಿಲ್ಲ ಎನ್ನುವ ಯಂತ್ರವನ್ನು ಮಾತ್ರ ನಂಬಬಹುದು. ಆಗಲೂ ಮಾತ್ರೆ ನಿಜವಾಗಿ ಹೊಟ್ಟೆಗೆ ಹೋಯಿತು ಎಂದು ಬಟ್ಟಲಿನ ಯಾವ ಸೆನ್ಸರೂ ಹೇಳಲಾರದು. ಅದನ್ನು ನಿಮ್ಮ ಫೋನಿನಲ್ಲಿ ಬರುವ ಸಂದೇಶದ ಪದಗಳಲ್ಲೂ ಪಾಲಿಸಿ: 'ಬಟ್ಟಲು ಬೋರಲಾಗಿದೆ' ಎಂದು ಬರಲಿ, 'ಮಾತ್ರೆ ತೆಗೆದುಕೊಂಡಿದ್ದಾರೆ' ಎಂದು ಬೇಡ.

ಒಳಗಿನ ಕೆಲಸ ಕಷ್ಟದ್ದಲ್ಲ. ಬಟ್ಟಲಿನ ಬುಡದಂಚಿನ ಸುತ್ತ ಪುಟ್ಟ ಆಯಸ್ಕಾಂತಗಳನ್ನು ಉತ್ತರಧ್ರುವ ಹೊರಕ್ಕೆ ಇರುವಂತೆ, ಬಾಯಂಚಿನ ಸುತ್ತ ದಕ್ಷಿಣಧ್ರುವ ಹೊರಕ್ಕೆ ಇರುವಂತೆ ಕೂರಿಸಿ. ಗುಳಿಯ ಅಡಿಯಲ್ಲಿ ಅಂಚಿನ ನೇರಕ್ಕೆ ಒಂದು ಲೀನಿಯರ್ ಹಾಲ್ ಸೆನ್ಸರ್ (ಹತ್ತಿರವಿರುವುದು ಆಯಸ್ಕಾಂತದ ಯಾವ ಧ್ರುವ, ಎಷ್ಟು ಬಲ ಎಂದು ಅಳೆಯುವ ಬಿಡಿಭಾಗ) ಇಟ್ಟರೆ ಮೂರೂ ಸ್ಥಿತಿ ಬೇರೆ ಬೇರೆಯಾಗಿ ಸಿಗುತ್ತದೆ. ಅಮ್ಮನಿಗೆ ಪೇಸ್‌ಮೇಕರ್ ಇದ್ದರೆ ಆಯಸ್ಕಾಂತದ ಹತ್ತಿರ ಹೋಗಲೇಬೇಡಿ, ಬೇರೆ ಬಗೆಯ ಸೆನ್ಸರ್ ಹುಡುಕೋಣ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ತೆರೆದ ಬಟ್ಟಲು ಸಲ್ಲದು, ಗಟ್ಟಿ ಮುಚ್ಚಳದ ಬೇರೆ ರೂಪ ಬೇಕು. ಕೆಲವು ಮಾತ್ರೆಗಳನ್ನು ಅವುಗಳ ಸ್ಟ್ರಿಪ್‌ನಿಂದ ಬಿಡಿಸಿ ಇಡಬಾರದು, ಅದನ್ನು ಔಷಧಿ ಕೊಡುವವರನ್ನೇ ಕೇಳಿ.

ಮೂರು ಬಟ್ಟಲು ಒಂದೇ ಥರ ಇರಬಾರದು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನಗಳು ನೆಲಕ್ಕಿಳಿದ ಮೇಲೆ ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್ (ಹಿಂಬದಿಯ ಮಡಚುಹಲಗೆ) ಮಡಚಲು ಹೋಗಿ ಚಕ್ರಗಳನ್ನೇ ಮಡಚಿಬಿಡುತ್ತಿದ್ದರು. ಎರಡರ ಸ್ವಿಚ್ಚೂ ಅಕ್ಕಪಕ್ಕ, ನೋಡಲು ಒಂದೇ ರೀತಿ. ಮನಶ್ಶಾಸ್ತ್ರಜ್ಞ ಅಲ್ಫೋನ್ಸ್ ಚಪಾನಿಸ್ ಪೈಲಟ್‌ಗಳನ್ನು ದೂರಲಿಲ್ಲ. ಚಕ್ರದ ಸ್ವಿಚ್ಚಿಗೆ ಚಕ್ರದಾಕಾರದ ರಬ್ಬರ್ ಹಿಡಿಕೆ, ಫ್ಲ್ಯಾಪಿನ ಸ್ವಿಚ್ಚಿಗೆ ಫ್ಲ್ಯಾಪ್ ಆಕಾರದ ಹಿಡಿಕೆ ಕೂರಿಸಿದರು. ಇಂದಿಗೂ ವಿಮಾನಗಳಲ್ಲಿ ಇಳಿಯುವ ಚಕ್ರಗಳ ಹಿಡಿಕೆಯ ತುದಿ ಚಕ್ರದಂತೆಯೇ ಇರುತ್ತದೆ. ನಿಮ್ಮ ಬಟ್ಟಲುಗಳಿಗೆ ಎತ್ತರ ಬೇರೆ ಇರಲಿ, ಜೊತೆಗೆ ಮೇಲ್ಮೈ ಬೇರೆ ಇರಲಿ: ಒಂದು ನುಣುಪು, ಒಂದಕ್ಕೆ ಅಡ್ಡಗೀರು, ಒಂದು ಲೋಹದ್ದು. ಲೋಹವೂ ಮರವೂ ಒಂದೇ ಕೋಣೆಯಲ್ಲಿದ್ದರೂ ಲೋಹ ಬೆರಳಿನ ಬಿಸಿಯನ್ನು ಬೇಗ ಎಳೆದುಕೊಳ್ಳುವುದರಿಂದ ತಣ್ಣಗೆ ಎನಿಸುತ್ತದೆ. ಬಿಟ್ಟಿಯಾಗಿ ಸಿಗುವ ಈ ಗುರುತನ್ನು ರಾತ್ರಿಯ ಬಟ್ಟಲಿಗೆ ಕೊಡಿ ಎಂಬುದು ನನ್ನ ಸಲಹೆ.

ಈ ವಿನ್ಯಾಸದಲ್ಲಿ ಬಟ್ಟಲನ್ನು ಮತ್ತೆ ನೆಟ್ಟಗೆ ಮಾಡುವವರು ಯಾರು? ಮರುದಿನದ ಮಾತ್ರೆ ತುಂಬುವವರು. ತುಂಬಬೇಕೆಂದರೆ ನೆಟ್ಟಗೆ ಮಾಡಲೇಬೇಕಲ್ಲ. ನಾನು ಇದಕ್ಕೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣ, ನಾನೇ ಹಿಂದೊಮ್ಮೆ ಇಲ್ಲಿ ಎಡವಿದ್ದೆ. ಒಂದು ಸಂಸ್ಥೆಗೆ ಸ್ಪೀಕರ್ ವಿನ್ಯಾಸ ಮಾಡುವಾಗ ಅದರ ನೆತ್ತಿಗೆ ಚೆಂದದ ನಾಬ್ ಇಟ್ಟೆವು, ಮುಳ್ಳಿನ ಗುರುತಿನ ಸಮೇತ. ಫೋನಿನಿಂದಲೂ ಸದ್ದು ಏರಿಸಬಹುದಿತ್ತು. ಫೋನಿನಲ್ಲಿ ಪೂರ್ತಿ ತಗ್ಗಿಸಿದರೂ ನಾಬಿನ ಮುಳ್ಳು ಮೇಲೇ ಇರುತ್ತಿತ್ತು. ಆಮೇಲೆ ನಾಬನ್ನು ಸ್ವಲ್ಪ ತಿರುಗಿಸಿದರೆ ಸದ್ದು ಹಠಾತ್ತನೆ ಸಿಡಿಯುತ್ತಿತ್ತು. ಬಳಸಿದವರು ಎರಡು ವಾರದಲ್ಲಿ ನಾಬನ್ನು ಮುಟ್ಟುವುದೇ ಬಿಟ್ಟರು. ವಸ್ತುವಿನ ಮೈಮೇಲೆ ಸ್ಥಿತಿ ಇಟ್ಟ ಮೇಲೆ ಅದನ್ನು ಬೆನ್ನ ಹಿಂದೆ ಬದಲಿಸುವ ಹಕ್ಕು ಯಂತ್ರಕ್ಕೆ ಇರಕೂಡದು. ಇರಲೇಬೇಕೆಂದರೆ ಯಂತ್ರವೇ ವಸ್ತುವನ್ನು ಚಲಿಸಬೇಕು. ಧ್ವನಿಮುದ್ರಣ ಸ್ಟುಡಿಯೊಗಳ ಮಿಕ್ಸರಿನಲ್ಲಿ ಮೋಟರ್ ಅಳವಡಿಸಿದ ಸ್ಲೈಡರ್‌ಗಳಿವೆ. ಹಳೆಯ ಸೆಟ್ಟಿಂಗ್ ತೆರೆದರೆ ಸಾಲು ಸಾಲು ಸ್ಲೈಡರ್‌ಗಳು ತಾವೇ ಸರಿದು ತಮ್ಮ ಜಾಗಕ್ಕೆ ಹೋಗಿ ನಿಲ್ಲುತ್ತವೆ. ಅದು ದುಬಾರಿ, ಸವೆಯುತ್ತದೆ, ಆದರೆ ಪ್ರಾಮಾಣಿಕ. ನಿಮಗೆ ಮೋಟರ್ ಬೇಡ. ಫೋನಿನಿಂದ 'ಆಗಿದೆ' ಎಂದು ಬದಲಿಸುವ ಸೌಲಭ್ಯವನ್ನು ಮಾತ್ರ ಕೊಡಬೇಡಿ, ಎಷ್ಟೇ ಸುಲಭ ಎನಿಸಿದರೂ.

ಸದ್ದಿನ ಬಗ್ಗೆ. ಬೀಪ್ ಸದ್ದು ಮಾಡುವ ಅಗ್ಗದ ಪೀಜೊ ಬಜರ್‌ಗಳು ಸಾಮಾನ್ಯವಾಗಿ 2ರಿಂದ 4 ಕಿಲೋಹರ್ಟ್ಸ್‌ನಲ್ಲಿ ಕೀರಲು ಸದ್ದು ಮಾಡುತ್ತವೆ. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ವರಗಳನ್ನೇ. ಹಾಗಾಗಿ ಬಜರ್ ತೆಗೆದು ಪ್ರತಿ ಗುಳಿಯ ಕೆಳಗೂ ಒಂದು ಪುಟ್ಟ ಸೊಲೆನಾಯ್ಡ್ (ವಿದ್ಯುತ್ ಹರಿದಾಗ ಒಳಗಿನ ಸರಳು ಚಲಿಸುವ ಬಿಡಿಭಾಗ) ಇಡಿ. ಅದು ಮರವನ್ನು ಒಳಗಿನಿಂದ ತಟ್ಟಲಿ, ಬಾಗಿಲು ತಟ್ಟಿದ ಹಾಗೆ. ತಗ್ಗಿನ ಸದ್ದು ಕೇಳಿಸುತ್ತದೆ, ಯಾವ ಬಟ್ಟಲಿನ ಸರದಿಯೋ ಅಲ್ಲಿಂದಲೇ ಬರುತ್ತದೆ, ಪಟ್ಟಿಯ ಮೇಲೆ ಕೈಯಿಟ್ಟರೆ ತಟ್ಟುವುದು ಬೆರಳಿಗೂ ತಿಳಿಯುತ್ತದೆ. ಕಿವಿಯೇ ಕೈಯನ್ನು ಕರೆದೊಯ್ಯುತ್ತದೆ.

ಸದ್ದಿನಲ್ಲೂ ಘಟನೆ ಮತ್ತು ಸ್ಥಿತಿ ಎಂಬ ಭೇದವಿದೆ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಪಲ್ಸ್ ಆಕ್ಸಿಮೀಟರ್ ನಾಡಿಮಿಡಿತಕ್ಕೊಂದು ಸ್ವರ ಮಾಡುತ್ತಿರುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದಂತೆ ಆ ಸ್ವರದ ಶ್ರುತಿಯೂ ಇಳಿಯುತ್ತದೆ. ಅರಿವಳಿಕೆ ವೈದ್ಯರು ಬೇರೆ ಕೆಲಸದಲ್ಲಿದ್ದರೂ ಸ್ವರ ಜಾರಿದ್ದು ಕಿವಿಗೆ ಬಿದ್ದು ತಲೆ ಎತ್ತುತ್ತಾರೆ, ಎಚ್ಚರಿಕೆಯ ಗಂಟೆ ಬಾರಿಸುವುದಕ್ಕೆ ಮೊದಲೇ. ನಿಮ್ಮ ಸಾಧನಕ್ಕೆ ಅಷ್ಟು ಬೇಡ. ಆದರೆ ಬಾಕಿ ಇರುವಷ್ಟು ಹೊತ್ತು ಕೆಲವು ನಿಮಿಷಕ್ಕೊಮ್ಮೆ ಮೆಲ್ಲಗೆ ಎರಡು ಬಾರಿ ತಟ್ಟುತ್ತಿದ್ದರೆ, ಮೌನವೇ 'ಆಗಿದೆ' ಎಂಬ ಅರ್ಥ ಪಡೆಯುತ್ತದೆ. ಬ್ರಿಟನ್ನಿನ ಅನೇಕ ರಸ್ತೆದಾಟುಗಳಲ್ಲಿ ಬಟನ್ ಪೆಟ್ಟಿಗೆಯ ಅಡಿಯಲ್ಲಿ ಕೈಗೆ ಮಾತ್ರ ಸಿಗುವ ಪುಟ್ಟ ಗೀರುಗಳ ಶಂಕುವಿದೆ. ದಾಟಬಹುದಾದಷ್ಟು ಹೊತ್ತು ಅದು ತಿರುಗುತ್ತಿರುತ್ತದೆ, ಸಮಯ ಮುಗಿದರೆ ನಿಲ್ಲುತ್ತದೆ. ಕಣ್ಣು ಕಾಣದವರು ಅದನ್ನು ಹಿಡಿದು ನಿಂತಿರುತ್ತಾರೆ. ಎಷ್ಟು ಮಂದಿ ಆ ಪೆಟ್ಟಿಗೆಯ ಪಕ್ಕ ದಿನವೂ ನಿಂತು ಹೋದರೂ ಅದು ಅಲ್ಲಿದೆಯೆಂದು ತಿಳಿದಿರುವುದಿಲ್ಲ. ನಾನು ನೋಡಿದ ಸ್ಪರ್ಶವಿನ್ಯಾಸಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಇದು.

ಸ್ಕ್ರೀನನ್ನು ಪೂರ್ತಿ ಬಿಸಾಡಿ ಎಂದು ಹೇಳುತ್ತಿಲ್ಲ. ಹೊತ್ತು ನಿಗದಿ ಮಾಡುವುದು, ಹೊಸ ಮಾತ್ರೆ ಸೇರಿಸುವುದು, ತಿಂಗಳ ದಾಖಲೆ ವೈದ್ಯರಿಗೆ ತೋರಿಸುವುದು, ಇವೆಲ್ಲ ನಿಮ್ಮ ಫೋನಿನಲ್ಲಿ ಇರಲಿ. ಅಪರೂಪಕ್ಕೆ ಮಾಡುವ, ಪದಗಳು ಬೇಕಾಗುವ ಕೆಲಸಕ್ಕೆ ಸ್ಕ್ರೀನಿಗಿಂತ ಒಳ್ಳೆಯದಿಲ್ಲ.

ಕೊನೆಗೆ, ಎಲ್ಲಿಂದ ಶುರು ಎಂಬ ನಿಮ್ಮ ಪ್ರಶ್ನೆ. ಬೆಸುಗೆ ಹಾಕುವ ಕಬ್ಬಿಣವನ್ನು ಒಂದು ವಾರ ದೂರ ಇಡಿ. ಜೇಡಿಮಣ್ಣಿನಲ್ಲೋ ರಟ್ಟಿನಲ್ಲೋ ಮೂರು ಬಟ್ಟಲು, ಒಂದು ಪಟ್ಟಿ ಮಾಡಿ. ಪಟ್ಟಿಗೆ ತೂಕ ಬರಲು ಒಳಗೆ ಮರಳಿನ ಚೀಲ ಇಡಿ, ಹಗುರವಾಗಿದ್ದರೆ ಹುಡುಕುವ ಕೈಯೇ ಅದನ್ನು ತಳ್ಳಿಬಿಡುತ್ತದೆ. ಬಟ್ಟಲಿಗೆ ಮಾತ್ರೆ ಹಾಕಬೇಡಿ, ಅಂಗಿಯ ಗುಂಡಿ ಹಾಕಿ. ಮೊದಲು ನೀವು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಳಸಿ, ಆಮೇಲೆ ಅಮ್ಮನಿಗೆ ಕೊಡಿ, ವಿವರಿಸದೆ. ಅವರ ಕೈ ಮೊದಲು ಎಲ್ಲಿಗೆ ಹೋಗುತ್ತದೆ, ಬಟ್ಟಲನ್ನು ಎರಡು ಬೆರಳಲ್ಲಿ ಹಿಡಿಯುತ್ತಾರೋ ಮುಷ್ಟಿಯಲ್ಲೋ, ಬೋರಲು ಇಡುವಾಗ ಗುಳಿಯ ಅಂಚು ತಾಗಿ ತಡವರಿಸುತ್ತಾರೋ, ಇದನ್ನು ಬರೆದಿಟ್ಟುಕೊಳ್ಳಿ. ಬೋರಲು ಇಡುವುದು ಅವರಿಗೆ ಸಹಜವೆನಿಸದೆ, ಖಾಲಿ ಬಟ್ಟಲನ್ನು ಪಕ್ಕಕ್ಕೆ ಇಡುವುದೇ ಅವರ ಕೈಯ ಅಭ್ಯಾಸವಾಗಿದ್ದರೆ ನನ್ನ ವಿನ್ಯಾಸ ಬಿಟ್ಟುಬಿಡಿ. ಪಕ್ಕದಲ್ಲೇ ಇನ್ನೂ ಮೂರು ಗುಳಿ ತೋಡಿ, ಖಾಲಿಯಾದ ಬಟ್ಟಲು ಅಲ್ಲಿಗೆ ಹೋಗಲಿ. ಆ ಕೈಬರಹದ ಟಿಪ್ಪಣಿಗಳನ್ನು ನನಗೆ ಕಳುಹಿಸಿ, ಸೆನ್ಸರ್ ಎಲ್ಲಿ ಕೂರಬೇಕೆಂಬುದನ್ನು ಅದನ್ನು ನೋಡಿಯೇ ಹೇಳುತ್ತೇನೆ.